ಕಾಲಿನ ಉಗುರು ಮಾಂಸದೊಳಗೆ ಚುಚ್ತಿದ್ಯಾ? ಮೂಲೆ ಕತ್ತರಿಸ್ಬೇಡಿ

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನನ್ನ ಮಗ ಒಂಬತ್ತನೇ ಕ್ಲಾಸು, ಫುಟ್‌ಬಾಲ್ ಆಡ್ತಾನೆ. ಎರಡು ತಿಂಗಳಿಂದ ಬಲಗಾಲಿನ ಹೆಬ್ಬೆರಳ ಉಗುರು ಒಂದು ಪಕ್ಕದಲ್ಲಿ ಮಾಂಸದೊಳಗೆ ಹೋಗಿ ಚುಚ್ತಿದೆ. ನಮ್ಮತ್ತೆ ಉಗುರುಸುತ್ತು ಅಂತ ಅರಿಶಿನ, ಸುಣ್ಣ ಹಚ್ತಾರೆ. ನಾನು ಚುಚ್ಚೋ ಮೂಲೆನ ನೇಲ್‌ಕಟರ್‌ನಲ್ಲಿ ತೆಗೆದ್ರೆ ನಾಲ್ಕು ದಿನ ಆರಾಮಾಗಿರ್ತಾನೆ, ಆಮೇಲೆ ಮತ್ತೆ ಶುರು. ಎರಡು ಸಲ ಆಂಟಿಬಯೋಟಿಕ್ ಕೋರ್ಸ್ ಆಯ್ತು. ಈಗ ಪಕ್ಕದಲ್ಲಿ ಕೆಂಪಗೆ ಮಾಂಸ ಬೆಳೆದಿದೆ, ಮುಟ್ಟಿದ್ರೆ ರಕ್ತ. ಆಪರೇಷನ್ ಬೇಕಾ?
– ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ಆ ನಾಲ್ಕು ದಿನದ ಆರಾಮ ಇದ್ಯಲ್ಲ, ಅದೇ ಎಲ್ರನ್ನೂ ದಾರಿ ತಪ್ಸೋದು. ಮೂಲೆ ತೆಗೆದ ತಕ್ಷಣ ಒತ್ತಡ ಹೋಗತ್ತೆ, ನೋವು ಇಳಿಯತ್ತೆ, ಸರಿ, ಆದ್ರೆ ನೇಲ್‌ಕಟರ್ ಎಷ್ಟು ಒಳಗೆ ಹೋಗಕ್ಕೆ ಸಾಧ್ಯ, ಅದು ಮುಟ್ಟದೇ ಇರೋ ಜಾಗದಲ್ಲಿ ಉಗುರಿನ ಒಂದು ಚೂಪಾದ ಚೂರು ಉಳ್ಕೊಂಡಿರತ್ತೆ, ಈ ಕಡೆ ಮೂಲೆ ಖಾಲಿಯಾದ ಜಾಗಕ್ಕೆ ಮಾಂಸ ಉಬ್ಬಿ ಬಂದು ಕೂತಿರತ್ತೆ, ಉಗುರು ಬೆಳೀತಾ ಮುಂದೆ ಬಂದಾಗ ಆ ಚೂರು ನೇರ ಅದೇ ಮಾಂಸಕ್ಕೆ ಚುಚ್ಚತ್ತೆ. ನೀವು ಮತ್ತೆ ಕತ್ತರಿಸ್ತೀರಿ, ಪ್ರತಿ ಸಲ ಇನ್ನೂ ಸ್ವಲ್ಪ ಒಳಗೆ. ಇದ್ರಲ್ಲಿ ನಿಮ್ಮ ತಪ್ಪೇನಿಲ್ಲ, ನೋವಲ್ಲಿರೋ ಮಗನ್ನ ನೋಡಿ ಯಾವ ತಾಯಿನೂ ಅದನ್ನೇ ಮಾಡೋದು.

ಆಂಟಿಬಯೋಟಿಕ್ ಯಾಕೆ ಕೆಲಸ ಮಾಡ್ಲಿಲ್ಲ ಅಂದ್ರೆ, ಕಾಲಲ್ಲಿ ಮುಳ್ಳು ಹಾಗೇ ಇಟ್ಕೊಂಡು ಮಾತ್ರೆ ನುಂಗಿದ್ರೆ ಏನಾಗತ್ತೆ ಹೇಳಿ, ಕೀವು ಕಮ್ಮಿಯಾಗ್ಬೋದು ಆದ್ರೆ ಮುಳ್ಳು ಅಲ್ಲೇ ಇರತ್ತಲ್ಲ. ಆ ಕೆಂಪು ಮಾಂಸ ನೋಡಿ ಗಾಬರಿ ಬೇಡ, ಗಾಯ ಮಾಯಕ್ಕೆ ಒದ್ದಾಡ್ತಾ ದೇಹ ಬೆಳೆಸಿರೋ ಹಸಿಮಾಂಸ ಅದು. ಆದ್ರೆ ಅದು ಬಂದಿದೆ ಅಂದ್ರೆ ಮನೆಮದ್ದಿನ ಹಂತ ದಾಟಿದೆ. ಸರ್ಜನ್ ಹತ್ರ ಕರ್ಕೊಂಡು ಹೋಗಿ. ಬೆರಳ ಬುಡಕ್ಕೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಚುಚ್ತಿರೋ ಪಕ್ಕದ ಉಗುರನ್ನ ಮಾತ್ರ ಉದ್ದಕ್ಕೆ ಒಂದು ಪಟ್ಟಿಯಷ್ಟು ತೆಗೆದು, ಅಷ್ಟೇ ಭಾಗದ ಬೇರಿಗೆ ಫಿನಾಲ್ ಅನ್ನೋ ಔಷಧಿ ಮುಟ್ಟಿಸ್ತಾರೆ, ಆ ಪಟ್ಟಿ ಮತ್ತೆ ಹುಟ್ಟದಿರ್ಲಿ ಅಂತ. ಅವತ್ತೇ ಮನೆಗೆ ಬರ್ಬೋದು. ಇಡೀ ಉಗುರು ಕಿತ್ತಾಕಿಬಿಡಿ ಅಂತ ಮಾತ್ರ ನೀವಾಗೇ ಕೇಳ್ಬೇಡಿ, ಹೊಸ ಉಗುರು ಬರೋವಾಗ ಇದೇ ತೊಂದರೆ ವಾಪಸ್ ಬರೋದು ತುಂಬಾ ಇದೆ.

ಇನ್ನೂ ಬರೀ ಊತ, ನೋವಷ್ಟೇ ಇರೋ ಬೇರೆ ಓದುಗರಿಗೆ: ಕಾಲನ್ನ ಉಗುರುಬೆಚ್ಚಗಿನ ನೀರಲ್ಲಿ ದಿನಕ್ಕೆ ಮೂರು ಸಲ ಹದಿನೈದು ನಿಮಿಷ ಇಟ್ಟು, ಚೆನ್ನಾಗಿ ಒರೆಸಿ, ಮೆತ್ತಗಾದ ಮೂಲೆ ಕೆಳಗೆ ಹತ್ತಿಯ ಸಣ್ಣ ಎಳೆ ತೂರಿಸಿ, ದಿನಾ ಬದಲಾಯ್ಸಿ. ಶೂ ಬಿಟ್ಟು ಚಪ್ಪಲಿ ಹಾಕಿ. ಉಗುರನ್ನ ಯಾವಾಗ್ಲೂ ನೇರ ಕತ್ತರಿಸಿ, ಕೈ ಉಗುರಿನ ಥರ ಗುಂಡಗಲ್ಲ, ಬೆರಳ ತುದಿಯಷ್ಟು ಉದ್ದ ಬಿಡಿ. ಬೆಳೆಯೋ ಹುಡುಗ್ರ ಶೂ ಬೇಗ ಚಿಕ್ಕದಾಗತ್ತೆ, ಮುಂದೆ ಒಂದು ಬೆರಳಗಲ ಜಾಗ ಇದ್ಯಾ ಅಂತ ಆಗಾಗ ಒತ್ತಿ ನೋಡಿ.

ಪ್ರಶ್ನೆ: ಅಪ್ಪನಿಗೆ 64 ವರ್ಷ, ಹದಿನೈದು ವರ್ಷದಿಂದ ಶುಗರ್. ಉಗುರು ಬ್ಲೇಡಲ್ಲಿ ತೆಗಿಯೋವಾಗ ಪಕ್ಕದಲ್ಲಿ ಕುಯ್ದಿದೆ. ಈಗ ಕೀವಿದೆ, ಸುತ್ತ ಕಪ್ಪಾಗ್ತಿದೆ, ಆದ್ರೆ ನೋವೇ ಇಲ್ಲ ಅಂತ ಓಡಾಡ್ತಿದ್ದಾರೆ. ಬಿಸಿನೀರಲ್ಲಿ ಇಡಿಸ್ಬೋದಾ?
– ಓದುಗರು, ಹುಬ್ಬಳ್ಳಿ

ಉತ್ತರ: ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ನಾಳೆಗೆ ಇಡ್ಬೇಡಿ. ನೋವಿಲ್ಲದಿರೋದೇ ಭಯ ಪಡ್ಬೇಕಾದ ವಿಷಯ. ಶುಗರ್‌ನಿಂದ ಕಾಲಿನ ನರಗಳ ಸ್ಪರ್ಶ ಹೋಗಿರತ್ತೆ, ರಕ್ತ ಓಡಾಟನೂ ಕಮ್ಮಿಯಾಗಿರ್ಬೋದು, ಹೀಗಾಗಿ ಉಗುರಂಚಿನ ಸಣ್ಣ ಗಾಯ ಮೂಳೆವರೆಗೂ ಇಳಿದು ಬೆರಳೇ ತೆಗಿಯೋ ಪರಿಸ್ಥಿತಿ ಬರತ್ತೆ. ಬಿಸಿನೀರು ಬೇಡ, ಸುಟ್ರೂ ಅವರಿಗೆ ಗೊತ್ತಾಗಲ್ಲ. ಇನ್ಮೇಲೆ ಅವರ ಉಗುರು ಅವರು ತೆಗಿಯೋದು ಬೇಡ, ನೀವು ತೆಗೀರಿ, ಬ್ಲೇಡ್ ಅಂತೂ ಮನೆಯಿಂದಾನೇ ಆಚೆ ಹಾಕಿ. ದಿನಾ ರಾತ್ರಿ ಬೆರಳ ಸಂದಿ, ಅಂಗಾಲು ನೀವೇ ಕೂತು ನೋಡಿ.

ಪ್ರಶ್ನೆ: ನಾಲ್ಕು ವರ್ಷದಿಂದ ಕಾಲಿನ ಉಗುರು ಹಳದಿಯಾಗಿ, ದಪ್ಪ ಆಗಿ, ಪುಡಿ ಉದುರತ್ತೆ. ಮೆಡಿಕಲ್ ಶಾಪಲ್ಲಿ ಕೊಟ್ಟ ಮುಲಾಮು ಎಷ್ಟು ಹಚ್ಚಿದ್ರೂ ಹೋಗಲ್ಲ.
– ಓದುಗರು, ಸಾಗರ

ಉತ್ತರ: ನೀವು ಹೇಳ್ತಿರೋದು ಫಂಗಸ್ ಥರ ಇದೆ, ಆದ್ರೆ ಸೋರಿಯಾಸಿಸ್, ಹಳೇ ಪೆಟ್ಟು ಕೂಡ ಹೀಗೇ ಕಾಣತ್ತೆ, ಅದಕ್ಕೇ ಚರ್ಮದ ಡಾಕ್ಟ್ರ ಹತ್ರ ಉಗುರಿನ ಪುಡಿ ಟೆಸ್ಟ್ ಮಾಡ್ಸಿ ಆಮೇಲೆ ಔಷಧಿ ಶುರು ಮಾಡಿ. ಸಾಮಾನ್ಯ ಮುಲಾಮು ದಪ್ಪ ಉಗುರಿನ ಒಳಗೆ ಇಳಿಯೋದೇ ಇಲ್ಲ, ಸ್ಟಿರಾಯ್ಡ್ ಮಿಕ್ಸ್ ಇರೋದಾದ್ರೆ ಫಂಗಸ್‌ನ ಇನ್ನೂ ಹೆಚ್ಚಿಸತ್ತೆ. ಫಂಗಸ್ಸೇ ಅಂತಾದ್ರೆ ಸಾಮಾನ್ಯವಾಗಿ ಕೊಡೋದು ಟರ್ಬಿನಾಫಿನ್ 250 ಮಿಲಿಗ್ರಾಂ, ದಿನಕ್ಕೊಂದು, 12 ವಾರ. ಲಿವರ್ ಟೆಸ್ಟ್ ನೋಡಿ ಕೊಡ್ತಾರೆ, ನೀವಾಗೇ ತಗೋಬೇಡಿ. ಮಾತ್ರೆ ಮುಗಿದ್ರೂ ಉಗುರು ಹಾಗೇ ಕಾಣತ್ತೆ ಅಂತ ಬೇಜಾರಾಗ್ಬೇಡಿ. ಕಾಲಿನ ಉಗುರು ತಿಂಗಳಿಗೆ ಬೆಳೆಯೋದೇ ಸುಮಾರು ಒಂದೂವರೆ ಮಿಲಿಮೀಟರ್, ಹೆಬ್ಬೆರಳದ್ದು ಪೂರ್ತಿ ಹೊಸದಾಗಕ್ಕೆ ಒಂದರಿಂದ ಒಂದೂವರೆ ವರ್ಷ ಬೇಕು. ಬುಡದಿಂದ ಸ್ವಚ್ಛ ಉಗುರು ಬರ್ತಿದ್ರೆ ಔಷಧಿ ಹಿಡಿದಿದೆ. ಬೆರಳ ಸಂದಿಲಿ ತುರಿಕೆ, ಬಿಳಿ ಸಿಪ್ಪೆ ಇದ್ರೆ ಅದಕ್ಕೂ ಜೊತೆಗೇ ಔಷಧಿ ಆಗ್ಬೇಕು, ಇಲ್ದಿದ್ರೆ ಅಲ್ಲಿಂದ ವಾಪಸ್ ಬರತ್ತೆ. ನಿಮ್ಮ ಕಡೆ ಮಳೆಗಾಲದಲ್ಲಿ ಸಾಕ್ಸ್ ಒಣಗೋದೇ ಕಷ್ಟ ಅಂತ ಗೊತ್ತು, ಆದ್ರೂ ಹಸಿ ಸಾಕ್ಸ್ ಹಾಕ್ಬೇಡಿ, ನಾಲ್ಕು ಜೊತೆ ಹೆಚ್ಚಿಗೆ ಇಟ್ಕೊಳ್ಳಿ. ಕಾಲುಂಗುರ ಹಾಕೋರಾದ್ರೆ ಸ್ನಾನ ಆದ್ಮೇಲೆ ಅದರಡಿನೂ ಒರೆಸ್ಕೊಳ್ಳಿ.