ಪ್ರತಿಕ್ರಿಯೆ: ಚೀಸ್ ಗಡ್ಡೆ ಕಟ್ಟಿದೆ, ಆದರೆ ಹುಳಿ ಬಂದಿಲ್ಲ

ನಿಮ್ಮ ಚೀಸ್ ಗಡ್ಡೆ ಕಟ್ಟಿಯೂ ಹುಳಿಯಾಗದಿರಲು, ನೀವು 45 ಡಿಗ್ರಿ ಸೆಲ್ಸಿಯಸ್ ಹಾಲಿಗೆ ಮೀಸೋಫಿಲಿಕ್ ಕಲ್ಚರ್ (ಮಧ್ಯಮ ಬಿಸಿಯಲ್ಲಿ ಬೆಳೆದು ಹಾಲನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಗಳ ಪುಡಿ) ಹಾಕಿದ್ದೇ ಬಹುಶಃ ಕಾರಣ. ಆ ಬಿಸಿಗೆ ಅದರಲ್ಲಿರುವ ಲ್ಯಾಕ್ಟೊಕಾಕಸ್ ಬ್ಯಾಕ್ಟೀರಿಯಾ ಕೈಚೆಲ್ಲುತ್ತದೆ. ಆದರೆ ಹಾಲು ಗಡ್ಡೆ ಕಟ್ಟಲು ಹಾಕುವ ರೆನೆಟ್ ಬ್ಯಾಕ್ಟೀರಿಯಾ ಅಲ್ಲ, ಕಿಣ್ವವಾದ್ದರಿಂದ ತನ್ನ ಪಾಡಿಗೆ ಹಾಲನ್ನು ಗಟ್ಟಿ ಮಾಡುತ್ತದೆ. ನೀವು ಹೇಳಿದಂತೆ ಹಾಲೊಡಕು ಇನ್ನೂ ಸಿಹಿಯಾಗಿದೆ ಎಂದರೆ, ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಹುಳಿ ಕೊಡುವ ಲ್ಯಾಕ್ಟಿಕ್ ಆಮ್ಲವಾಗಿಲ್ಲ. ಈ ಗಡ್ಡೆಯನ್ನು ಮಾಗಲು ಇಡಲೇಬೇಡಿ. ಆಮ್ಲದ ಕಾವಲಿಲ್ಲದೆ ಕೆಟ್ಟ ಸೂಕ್ಷ್ಮಜೀವಿಗಳು ಬೆಳೆಯುತ್ತವೆ.

ಮುಂದಿನ ಸಲ ಹಾಲನ್ನು 30–32 ಡಿಗ್ರಿಗೆ ಇಳಿಸಿ. ಕಲ್ಚರ್ ಪುಡಿಯನ್ನು ಮೇಲೆ ಉದುರಿಸಿ, ಐದು ನಿಮಿಷ ನೆನೆಯಲು ಬಿಟ್ಟು ಆಮೇಲೆ ಕಲಕಿ. ಕೂಡಲೇ ಕಲಕಿದರೆ ಗಂಟು ಕಟ್ಟುತ್ತದೆ. ಮುಕ್ಕಾಲು ಗಂಟೆ ಅದೇ ಬಿಸಿಯಲ್ಲಿಟ್ಟು ರೆನೆಟ್ ಸೇರಿಸಿ.

ಕಲ್ಚರೇ ಹಳತಾಗಿರಲೂಬಹುದು. ಮೊದಲು ಕಾಯಿಸಿ ಆರಿಸಿದ ಒಂದು ಲೋಟ ಹಾಲಿಗೆ ಚಿಟಿಕೆ ಹಾಕಿ ರಾತ್ರಿಯಿಡೀ ಬೆಚ್ಚಗಿಡಿ. ಬೆಳಿಗ್ಗೆ ಹೆಪ್ಪುಗಟ್ಟಿ ಹುಳಿಯಾಗದಿದ್ದರೆ ಹೊಸ ಪೊಟ್ಟಣ ತನ್ನಿ.