ಎಂಬತ್ತೊಂದು ದಿನ, ನಾಲ್ಕು ವಿಶ್ವ ದಾಖಲೆ

ಒಲಿಂಪಿಕ್ ಪದಕ ಗೆಲ್ಲದ ಕಾಲೇಜು ಓಟಗಾರನನ್ನು ದೊಡ್ಡ ಓಟಗಾರ ಅನ್ನಬಹುದಾ ಅಂತ ಕೇಳಿದ್ದೀರಿ. ಖಂಡಿತ ಅನ್ನಬಹುದು. ಕಾಲೇಜಿನಲ್ಲಿದ್ದಾಗ ಹೆನ್ರಿ ರೋನೊ ಓಡಿದ ಹಾಗೆ ಇನ್ನೊಬ್ಬರು ಓಡಿದ್ದನ್ನು ನಾನಂತೂ ಕೇಳಿಲ್ಲ. ಅವರಿಗೆ ಒಂದೂ ಒಲಿಂಪಿಕ್ ಪದಕ ಸಿಗಲಿಲ್ಲ.

ರೋನೊ ಕೆನ್ಯಾದ ನಂದಿ ಸೀಮೆಯವರು. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದಿದರು. ಕೋಚ್ ಜಾನ್ ಚಾಪ್ಲಿನ್. 1976, 1977 ಮತ್ತು 1979ರಲ್ಲಿ ಅಲ್ಲಿನ ಕಾಲೇಜುಗಳ ರಾಷ್ಟ್ರೀಯ ಕ್ರಾಸ್ ಕಂಟ್ರಿ (ಟ್ರ್ಯಾಕ್ ಬಿಟ್ಟು ಬಯಲಲ್ಲಿ ಓಡುವ ದೂರದ ಓಟ) ಗೆದ್ದರು.

ಆದರೆ ಹೇಳಲೇಬೇಕಾದ ವರ್ಷ 1978. ಏಪ್ರಿಲ್ 8ರಂದು ಬರ್ಕ್ಲಿಯಲ್ಲಿ 5,000 ಮೀಟರ್ ಓಡಿ 13 ನಿಮಿಷ 8.4 ಸೆಕೆಂಡಿನಲ್ಲಿ ಮುಗಿಸಿದರು. ಹಳೆಯ ವಿಶ್ವ ದಾಖಲೆಗಿಂತ ನಾಲ್ಕು ಸೆಕೆಂಡಿಗೂ ಜಾಸ್ತಿ ಬೇಗ. ಮೇ 13ಕ್ಕೆ ಸಿಯಾಟಲ್‌ನಲ್ಲಿ 3,000 ಮೀಟರ್ ಸ್ಟೀಪಲ್‌ಚೇಸ್ (ಅಡೆತಡೆಗಳನ್ನು ಹಾರಿ ಓಡುವ ಓಟ), 8 ನಿಮಿಷ 5.4 ಸೆಕೆಂಡ್. ಜೂನ್ 11ಕ್ಕೆ ವಿಯೆನ್ನಾದಲ್ಲಿ 10,000 ಮೀಟರ್. ಜೂನ್ 27ಕ್ಕೆ ಓಸ್ಲೋದಲ್ಲಿ 3,000 ಮೀಟರ್, 7 ನಿಮಿಷ 32.1 ಸೆಕೆಂಡ್. ನಾಲ್ಕೂ ವಿಶ್ವ ದಾಖಲೆ!

10,000 ಮೀಟರ್ ಅಂದರೆ ಟ್ರ್ಯಾಕಿನಲ್ಲಿ 25 ಸುತ್ತು. ಅವರು ಒಂದೊಂದು ಸುತ್ತನ್ನು ಸರಾಸರಿ 66 ಸೆಕೆಂಡಿನೊಳಗೆ ಮುಗಿಸಿದ್ದಾರೆ. ನೀವು ಓಡುವವರಾದರೆ ಆ ವೇಗದಲ್ಲಿ ಒಂದೇ ಒಂದು ಸುತ್ತು ಓಡಿ ನೋಡಿ. ನಾನು ಓಡಿ ನೋಡಿದ ಮೇಲೇ ಈ ಅಂಕಿ ಏನು ಅಂತ ನನಗೆ ಅರ್ಥವಾದದ್ದು. ಸ್ಟೀಪಲ್‌ಚೇಸ್ ಬೇರೆಯದೇ ಕೆಲಸ: 28 ಅಡ್ಡಗಂಬ, ಏಳು ಸಲ ನೀರಿನ ಹೊಂಡ. ಇವೆರಡನ್ನೂ ಒಬ್ಬನೇ, ಒಂದೇ ಸೀಸನ್ನಿನಲ್ಲಿ, ಕಾಲೇಜಿಗಾಗಿಯೂ ಓಡುತ್ತಾ ಮಾಡಿದ್ದು. ಅದೇ ವರ್ಷ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎರಡು ಚಿನ್ನ, ಆಫ್ರಿಕನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ.

ದೇಹ ಎಷ್ಟು ಅಂತ ತಡೆಯುತ್ತೆ? ಆ ವರ್ಷದ ಕೊನೆಗೆ ನಡೆದ ಕಾಲೇಜುಗಳ ಕ್ರಾಸ್ ಕಂಟ್ರಿಯಲ್ಲಿ ಅವರು ಬಂದದ್ದು ಇನ್ನೂರನೇ ಸ್ಥಾನಕ್ಕಿಂತಲೂ ಹಿಂದೆ.

ಒಲಿಂಪಿಕ್ಸ್ ಯಾಕಿಲ್ಲ ಅಂದರೆ, 1976ರಲ್ಲಿ ಆಫ್ರಿಕಾದ ಹಲವು ದೇಶಗಳ ಜೊತೆ ಕೆನ್ಯಾ ಮಾಂಟ್ರಿಯಲ್‌ನಿಂದ ದೂರ ಉಳಿಯಿತು. ನ್ಯೂಜಿಲೆಂಡ್ ರಗ್ಬಿ ತಂಡ ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ ಆಡಲು ಹೋಗಿತ್ತು, ಅದಕ್ಕೆ ವಿರೋಧ. 1980ರಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದನ್ನು ವಿರೋಧಿಸಿ ಕೆನ್ಯಾ ದೂರ ಉಳಿದಿದ್ದರಿಂದ ಮಾಸ್ಕೋ ಕೂಡ ಕೈತಪ್ಪಿತು. ಆ ಪ್ರತಿಭಟನೆಗಳು ತಪ್ಪು ಅಂತ ನಾನು ಹೇಳುತ್ತಿಲ್ಲ, ಮೊದಲನೆಯದಂತೂ ಸರಿಯೇ. ಆದರೆ ಓಡಲು ಸಿದ್ಧನಾಗಿ ನಿಂತವನಿಗೆ ಓಟವೇ ಸಿಗಲಿಲ್ಲ. ಅದನ್ನು ಅವರ ಸೋಲು ಅಂತ ಲೆಕ್ಕ ಹಾಕುವುದು ನ್ಯಾಯ ಅಲ್ಲ, ಅಲ್ವಾ?

ಆಮೇಲೆ ಕುಡಿತ ಅವರನ್ನು ಹಿಡಿಯಿತು. ಆ ವರ್ಷಗಳು ತುಂಬಾ ಕಷ್ಟದವು. ಆದರೂ 1981ರ ಸೆಪ್ಟೆಂಬರಿನಲ್ಲಿ, ನಾರ್ವೆಯ ಕ್ನಾರ್ವಿಕ್‌ನಲ್ಲಿ, ತಮ್ಮದೇ 5,000 ಮೀಟರ್ ದಾಖಲೆಯನ್ನು 13 ನಿಮಿಷ 6.20 ಸೆಕೆಂಡಿಗೆ ಇಳಿಸಿದರು. ಈ ಒಂದು ಓಟ ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. 2024ರ ಫೆಬ್ರವರಿಯಲ್ಲಿ, 72ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಸ್ಟೀಪಲ್‌ಚೇಸ್ ದಾಖಲೆ 11 ವರ್ಷ ನಿಂತಿತ್ತು. 1989ರಲ್ಲಿ ಅದನ್ನು ಕೂದಲೆಳೆಯಷ್ಟು ಅಂತರದಲ್ಲಿ ಮುರಿದವರು ಪೀಟರ್ ಕೊಯೆಚ್. ಕೆನ್ಯಾದವರೇ, ರೋನೊ ಓದಿದ ಅದೇ ಯೂನಿವರ್ಸಿಟಿಯಲ್ಲಿ ಓದಿದವರು.