ರೋಲರ್ ಬ್ರೇಕ್ ಬದಲಿಸುವ ಮುಂಚೆ ಗ್ರೀಸ್ ಹಾಕಿ ನೋಡಿ

ನಮಸ್ಕಾರ ಮೇಡಂ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಗಝೆಲ್ ಕಂಪನಿಯ ಹಳೆಯ ಸೈಕಲ್ ಕೊಂಡಿದ್ದೀರಿ. ಹಿಂದೆ ಏಳು ಗೇರಿನ ನೆಕ್ಸಸ್ ಹಬ್ (ಗೇರುಗಳೆಲ್ಲ ಒಳಗೇ ಇರುವ ಚಕ್ರದ ನಡುಭಾಗ), ಅದಕ್ಕೆ ಶಿಮಾನೋ ಕಂಪನಿಯ ರೋಲರ್ ಬ್ರೇಕ್. ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಶಾಲೆಗೆ ಹೋಗುವಾಗ ಬ್ರೇಕ್ ಹಿಡಿದರೆ ಕಿರ್ರೆಂದು ಶಬ್ದ. ಒಮ್ಮೊಮ್ಮೆ ಚಕ್ರ ಗಕ್ಕನೆ ಹಿಡಿದುಕೊಳ್ಳುತ್ತದೆ. ಅಂಗಡಿಯವರು ಬ್ರೇಕೇ ಬದಲಿಸಬೇಕು ಎಂದರು. ಇಲ್ಲಿ ಉತ್ತರಿಸಿದ ಒಬ್ಬರು ಬ್ರೇಕಿನ ತೂತಿನೊಳಗೆ ಸ್ಪ್ರೇ ಎಣ್ಣೆ ಹೊಡೆಯಿರಿ ಎಂದಿದ್ದಾರೆ. ಮುಂದಿನ ರಿಮ್ ಬ್ರೇಕ್ ತೆಗೆದು ಅಲ್ಲೂ ರೋಲರ್ ಹಾಕಬಹುದಾ ಎಂದೂ ಕೇಳಿದ್ದೀರಿ.

ಸ್ಪ್ರೇ ಎಣ್ಣೆ ಖಂಡಿತ ಬೇಡ. ಬ್ರೇಕನ್ನೂ ಈಗಲೇ ಬದಲಿಸಬೇಡಿ. ನೀವು ಹೇಳಿದ ಎರಡೂ ಲಕ್ಷಣ, ಶಬ್ದ ಮತ್ತು ಗಕ್ಕನೆ ಹಿಡಿಯುವುದು, ಒಳಗಿನ ಗ್ರೀಸ್ ಒಣಗಿದಾಗ ಬರುವಂಥವು. ಹತ್ತು ನಿಮಿಷದ ಕೆಲಸದಲ್ಲಿ ಸರಿಹೋಗುವ ಸಾಧ್ಯತೆ ಜಾಸ್ತಿ.

ನಮ್ಮೂರಲ್ಲಿ ಬೆಳೆದವರಿಗೆ ಇದು ನಂಬಲು ಕಷ್ಟ, ನನಗೂ ಹಾಗೇ ಆಗಿತ್ತು. ಸ್ಕೂಟರಿನ ಡ್ರಮ್ ಬ್ರೇಕ್ ನೋಡಿದವರಿಗೆ ಗೊತ್ತು, ಬ್ರೇಕ್ ಶೂಗೆ ಒಂದು ಹನಿ ಎಣ್ಣೆ ತಾಗಿದರೂ ಮೆಕ್ಯಾನಿಕ್ ಬೈಯುತ್ತಾನೆ. ಲೈನರನ್ನು ಉಜ್ಜಿ, ಒರೆಸಿ, ಆಮೇಲೆ ಹಾಕುತ್ತಾನೆ. ರೋಲರ್ ಬ್ರೇಕ್ ಇದಕ್ಕೆ ಪೂರ್ತಿ ಉಲ್ಟಾ. ಇದರೊಳಗೆ ಲೈನರ್ ಇಲ್ಲ. ಶೂ ಲೋಹದ್ದು, ಅದು ಒತ್ತುವ ಡ್ರಮ್ಮೂ ಲೋಹದ್ದು. ನೀವು ಲಿವರ್ ಒತ್ತಿದಾಗ ಕೇಬಲ್ ಒಂದು ತೋಳನ್ನು ಎಳೆಯುತ್ತದೆ, ಒಳಗೆ ಒಂದು ಕ್ಯಾಮ್ ತಿರುಗುತ್ತದೆ. ಅದರ ಉಬ್ಬುಗಳ ಮೇಲೆ ಚಿಕ್ಕ ಉರುಳೆಗಳು ಹತ್ತಿ ಹೊರಕ್ಕೆ ಸರಿಯುತ್ತವೆ, ಶೂಗಳನ್ನು ಡ್ರಮ್ಮಿಗೆ ಒತ್ತುತ್ತವೆ. ರೋಲರ್ ಎಂಬ ಹೆಸರು ಬಂದಿದ್ದು ಆ ಉರುಳೆಗಳಿಂದ. ಲೋಹಕ್ಕೆ ಲೋಹ ಉಜ್ಜುವಾಗ ನಡುವೆ ತೆಳುವಾಗಿ ಗ್ರೀಸ್ ಇರಲೇಬೇಕು. ಇದ್ದರೆ ಬ್ರೇಕ್ ಮೆತ್ತಗೆ, ಒಂದೇ ಸಮನೆ ಹಿಡಿಯುತ್ತದೆ. ಒಣಗಿದರೆ ಕಿರುಚುತ್ತದೆ, ಅದುರುತ್ತದೆ, ಕಚ್ಚಿಕೊಳ್ಳುತ್ತದೆ.

ಆದರೆ ಎಲ್ಲ ಗ್ರೀಸೂ ಆಗುವುದಿಲ್ಲ. ಇದು ನಾನು ಪೆಟ್ಟು ತಿಂದು ಕಲಿತ ಮಾತು. ಮೊದಲ ವರ್ಷ ಬ್ರೇಕ್ ಕಿರುಚತೊಡಗಿದಾಗ ಮನೆಯಲ್ಲಿದ್ದ ಬೇರಿಂಗ್ ಗ್ರೀಸನ್ನೇ ತುಂಬಿದ್ದೆ. ಇಲ್ಲಿಯ ಸಪಾಟು ರಸ್ತೆಯಲ್ಲಿ ಎರಡು ವಾರ ಚೆನ್ನಾಗೇ ನಡೆಯಿತು. ಆಮೇಲೆ ದಕ್ಷಿಣ ಲಿಂಬುರ್ಗ್‌ಗೆ ಹೋದೆವು. ವಾಲ್ಕೆನ್‌ಬರ್ಗ್‌ನ ಕೌಬರ್ಗ್ ಇಳಿಜಾರು ಗೊತ್ತಲ್ವಾ, ಸೈಕಲ್ ರೇಸಿಗೆ ಹೆಸರಾದ ಏರು. ಮಗ ಹಿಂದೆ ಕೂತಿದ್ದ. ಅರ್ಧ ಇಳಿಯುವಷ್ಟರಲ್ಲಿ ಲಿವರ್ ಎಷ್ಟು ಒತ್ತಿದರೂ ವೇಗ ತಗ್ಗುತ್ತಿರಲಿಲ್ಲ. ಮುಂದಿನ ಬ್ರೇಕ್ ಹಿಡಿದು, ಕಾಲು ನೆಲಕ್ಕೆ ಒತ್ತಿ ಹೇಗೋ ನಿಲ್ಲಿಸಿದೆ. ನೋಡಿದರೆ ಗ್ರೀಸ್ ಕಾದು ನೀರಾಗಿ, ಹಬ್ಬಿನಿಂದ ಕಡ್ಡಿಗಳ ಮೇಲೆ ಕಂದು ಬಣ್ಣದ ಗೆರೆಗಳಾಗಿ ಹರಿದಿತ್ತು. ಸುಟ್ಟ ವಾಸನೆ ಬರುತ್ತಿತ್ತು. ಆವತ್ತಿನಿಂದ ಶಿಮಾನೋದ ರೋಲರ್ ಬ್ರೇಕ್ ಗ್ರೀಸ್ ಬಿಟ್ಟು ಬೇರೇನೂ ಹಾಕಿಲ್ಲ. ಅದು ಹೆಚ್ಚು ಬಿಸಿ ತಡೆಯುವಂತೆಯೇ ಮಾಡಿದ ಗ್ರೀಸ್. 100 ಗ್ರಾಂ ಟ್ಯೂಬಿನಲ್ಲಿ ಸಿಗುತ್ತದೆ, ಉದ್ದ ಮೂತಿ ಇರುತ್ತದೆ. ಒಂದು ಟ್ಯೂಬು ಎಷ್ಟೋ ವರ್ಷ ಬರುತ್ತದೆ. ಸ್ಪ್ರೇ ಎಣ್ಣೆ ಇನ್ನೂ ಕೆಟ್ಟದ್ದು, ಅದು ಇರುವ ಗ್ರೀಸನ್ನೂ ತೊಳೆದುಬಿಡುತ್ತದೆ.

ಹಾಕುವ ಬಗೆ ಸುಲಭ. ಸೈಕಲ್ ಓಡಿಸಿ ಬಂದ ಕೂಡಲೇ ಕೈ ಹಾಕಬೇಡಿ. ಬ್ರೇಕ್ ಸುಡುವಷ್ಟು ಬಿಸಿ ಇರಬಹುದು, ಅರ್ಧ ಗಂಟೆ ಬಿಡಿ. ಮಗಳೂ ಆ ಕಡೆ ಕಾಲು, ಕೈ ತಾಗಿಸದ ಹಾಗೆ ನೋಡಿಕೊಳ್ಳಿ. ಆಮೇಲೆ ಚಕ್ರದ ಎಡಗಡೆ ಕೂತು ನೋಡಿ. ಬ್ರೇಕಿನ ಮುಖದ ಮೇಲೆ ಉಗುರಿನಷ್ಟು ಚಿಕ್ಕ ರಬ್ಬರ್ ಮುಚ್ಚಳ ಕಾಣುತ್ತದೆ. ಸುತ್ತ ಇರುವ ಮಣ್ಣನ್ನು ಬಟ್ಟೆಯಿಂದ ಒರೆಸಿ, ಸಣ್ಣ ಸ್ಕ್ರೂಡ್ರೈವರಿನಿಂದ ಮುಚ್ಚಳ ಎಬ್ಬಿಸಿ. ಅದು ಚಿಮ್ಮಿ ಎಲ್ಲೋ ಬೀಳುತ್ತದೆ, ಒಂದು ಕೈ ಅಡ್ಡ ಇಟ್ಟುಕೊಳ್ಳಿ. ಮುಚ್ಚಳ ಕಳೆದರೆ ಮಳೆನೀರು ನೇರ ಒಳಗೆ ಹೋಗುತ್ತದೆ.

ಟ್ಯೂಬಿನ ಮೂತಿಯನ್ನು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಒಳಗೆ ತೂರಿಸಿ. ಯಾರನ್ನಾದರೂ ಕರೆದು ಹಿಂದಿನ ಚಕ್ರ ನೆಲದಿಂದ ಎತ್ತಿ ಹಿಡಿಯಲು ಹೇಳಿ. ಚಕ್ರವನ್ನು ನಿಧಾನ ತಿರುಗಿಸುತ್ತಾ ಗ್ರೀಸ್ ಒತ್ತಿ. ಒಂದೇ ಕಡೆ ಗುಡ್ಡೆಯಾಗದೆ ಸುತ್ತಲೂ ಹರಡಲಿ ಅಂತ ತಿರುಗಿಸುವುದು. ನಾನು ಒಮ್ಮೆಗೆ ಹಾಕುವುದು 5ರಿಂದ 10 ಗ್ರಾಂ. ಅಂದಾಜಿಗೆ ಒಂದು ಟೀ ಚಮಚ ತುಂಬಾ, ಒಣಗಿ ಕೂತಿದ್ದರೆ ಇನ್ನೂ ಸ್ವಲ್ಪ. ಮುಚ್ಚಳ ಒತ್ತಿ ಹಾಕಿ, ಲಿವರನ್ನು ಹತ್ತಾರು ಸಲ ಒತ್ತಿ ಬಿಡಿ.

ಗ್ರೀಸ್ ಹಾಕಿದ ಕೂಡಲೇ ಬ್ರೇಕ್ ಮೊದಲಿಗಿಂತ ಸಡಿಲ ಅನಿಸುತ್ತದೆ. ಗಾಬರಿ ಬೇಡ, ಆದರೆ ಮಗಳನ್ನು ಕೂರಿಸಿಕೊಂಡು ಹೊರಡಲೂ ಬೇಡಿ. ಒಬ್ಬರೇ ಖಾಲಿ ಬೀದಿಯಲ್ಲಿ ನಿಧಾನ ಹೋಗಿ, ಹಿಡಿದು ಬಿಟ್ಟು, ಹಿಡಿದು ಬಿಟ್ಟು ಹದಿನೈದು ಇಪ್ಪತ್ತು ಸಲ ಮಾಡಿ. ಹೆಚ್ಚಾದ ಗ್ರೀಸ್ ಪಕ್ಕಕ್ಕೆ ಸರಿದು ಹಿಡಿತ ಬರುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಕಿರುಚಿದರೆ, ಕಚ್ಚಿಕೊಂಡರೆ ಆಗ ಅಂಗಡಿಯವರ ಮಾತು ಸರಿ. ಇದರೊಳಗೆ ಬಿಡಿಭಾಗ ಬದಲಿಸುವುದು ಅಂತ ಇಲ್ಲ, ಇಡೀ ಬ್ರೇಕನ್ನೇ ಬದಲಿಸಬೇಕು.

ನಿಮ್ಮ ಫೋಟೋದಲ್ಲಿ ಎಡಗಡೆ ಹೊಳೆಯುವ ಗುಂಡನೆಯ ತಟ್ಟೆ ಕಾಣುತ್ತಿದೆ, ಅದಕ್ಕೆ ತುಕ್ಕು ಹಿಡಿದಿದೆ ಅಂತ ಚಿಂತೆ ಮಾಡಿದ್ದೀರಿ. ಅದು ಡಿಸ್ಕ್ ಬ್ರೇಕಿನ ಡಿಸ್ಕ್ ಅಲ್ಲ. ಅದನ್ನು ಯಾವ ಪ್ಯಾಡೂ ಹಿಡಿಯುವುದಿಲ್ಲ. ಒಳಗಿನ ಬಿಸಿಯನ್ನು ಗಾಳಿಗೆ ಬಿಡಲು ಇರುವ ತಟ್ಟೆ ಅಷ್ಟೇ. ಮೇಲಿನ ತುಕ್ಕಿನಿಂದ ಬ್ರೇಕಿಗೆ ಏನೂ ಆಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು. ಪ್ರೆಷರ್ ಪಂಪಿನ ನೀರನ್ನು ಮಾತ್ರ ಹಬ್ಬಿನ ಹತ್ತಿರ ಹೊಡೆಯಬೇಡಿ.

ಇನ್ನು ಹೊಸ ಬ್ರೇಕ್ ಕೂರಿಸುವುದು. ಹಿಂದಿನದು ಬದಲಿಸಲೇಬೇಕಾದರೆ ಮೊದಲು ಹಬ್ಬಿನ ಮೇಲೆ ಕೊರೆದಿರುವ ನಂಬರ್ ಓದಿ. ಎಸ್‌ಜಿ-7ಆರ್ ಎಂದು ಶುರುವಾದರೆ ರೋಲರ್ ಬ್ರೇಕ್ ಕೂರುವ ಹಬ್. ಎಸ್‌ಜಿ-7ಸಿ ಎಂದಿದ್ದರೆ ಪೆಡಲ್ ಹಿಂದಕ್ಕೆ ತುಳಿದು ನಿಲ್ಲಿಸುವ ಬ್ರೇಕಿನ ಹಬ್, ಅದಕ್ಕೆ ಇದು ಬರುವುದಿಲ್ಲ. ಹಳೇ ಬ್ರೇಕಿನ ಮೇಲೆ ಬಿಆರ್ ಎಂದು ಶುರುವಾಗುವ ನಂಬರ್ ಇರುತ್ತದೆ, ಅದನ್ನೂ ಬರೆದುಕೊಂಡು ಅಂಗಡಿಗೆ ಹೋಗಿ. ಹೊಸದರಲ್ಲಿ ಗ್ರೀಸ್ ತುಂಬಿಯೇ ಬರುತ್ತದೆ.

ಹಬ್ಬಿನ ಎಡಗಡೆ ಸುತ್ತ ಹಲ್ಲುಗಳಿರುತ್ತವೆ, ಬ್ರೇಕಿನ ಒಳಗೂ ಅದೇ ಹಲ್ಲು. ಎರಡನ್ನೂ ಹೊಂದಿಸಿ ಪೂರ್ತಿ ಒಳಗೆ ಒತ್ತಿ. ಹಲ್ಲು ಸರಿಯಾಗಿ ಕೂರದೆ ನಟ್ ಬಿಗಿದರೆ ಚಕ್ರ ಭಾರವಾಗಿ ತಿರುಗುತ್ತದೆ. ಬ್ರೇಕನ್ನು ಹಿಡಿಯುವ ನಟ್ಟಿಗೆ 20ರಿಂದ 25 ನ್ಯೂಟನ್ ಮೀಟರ್ (ನಟ್ಟು ಎಷ್ಟು ಬಿಗಿಯಬೇಕು ಎನ್ನುವ ಅಳತೆ) ಬಿಗಿ ಸಾಕು. ಆಮೇಲೆ ಚಕ್ರವನ್ನು ಫ್ರೇಮಿಗೆ ಕೂರಿಸಿ, ಚೈನಿನ ಬಿಗಿ ನೋಡಿ, ಎರಡೂ ಕಡೆಯ ದೊಡ್ಡ ನಟ್ಟುಗಳನ್ನು 15ರ ಸ್ಪ್ಯಾನರಿನಿಂದ ಬಿಗಿ ಮಾಡಿ. ಅವಕ್ಕೆ 30ರಿಂದ 45.

ಈಗ ನಾನು ಎಲ್ಲರಿಗೂ ಒತ್ತಿ ಹೇಳುವ ಭಾಗ. ಕೇಬಲ್ ಎಳೆಯುವ ತೋಳಲ್ಲದೆ, ಬ್ರೇಕಿನಿಂದ ಇನ್ನೊಂದು ತೋಳು ಮುಂದಕ್ಕೆ ಚಾಚಿರುತ್ತದೆ. ಫ್ರೇಮಿನ ಕೆಳಗಿನ ಪೈಪಿಗೆ ಅದನ್ನು ಒಂದು ಕ್ಲಿಪ್ಪಿನಿಂದ ಹಿಡಿಸಿರುತ್ತಾರೆ. ನೋಡಲು ಏನೂ ಅಲ್ಲದ ಕ್ಲಿಪ್, ಒಂದು ಬೋಲ್ಟು, ಒಂದು ನಟ್ಟು. ಆದರೆ ನೀವು ಬ್ರೇಕ್ ಹಿಡಿದಾಗ ಚಕ್ರದ ಪೂರ್ತಿ ತಿರುಚುವ ಬಲ ಬೀಳುವುದು ಆ ತೋಳಿನ ಮೇಲೆ. ಕ್ಲಿಪ್ ಇಲ್ಲದಿದ್ದರೆ ಅಥವಾ ಸಡಿಲವಿದ್ದರೆ ತೋಳು ಚಕ್ರದ ಜೊತೆಗೇ ಸುತ್ತಿಕೊಳ್ಳುತ್ತದೆ, ಕೇಬಲನ್ನೂ ಎಳೆದುಕೊಳ್ಳುತ್ತದೆ. ಬೀಳುವುದು ಗ್ಯಾರಂಟಿ. ನನ್ನ ಪಕ್ಕದ ಮನೆಯವರು ಟೈರ್ ಬದಲಿಸಿಕೊಂಡು ಬಂದ ಸೈಕಲಿನಲ್ಲಿ ಈ ಕ್ಲಿಪ್ಪಿನ ನಟ್ಟೇ ಇರಲಿಲ್ಲ. ಬೋಲ್ಟು ಸುಮ್ನೆ ತೂತಿನಲ್ಲಿ ನಿಂತಿತ್ತು, ಬೆರಳಿಂದ ತಳ್ಳಿದರೆ ಹೊರಗೆ ಬಂತು. ಅದಕ್ಕೇ ಹೇಳುತ್ತಿದ್ದೇನೆ, ಯಾರೇ ಚಕ್ರ ಬಿಚ್ಚಿ ಹಾಕಿರಲಿ, ಸೈಕಲ್ ಹತ್ತುವ ಮುಂಚೆ ಆ ತೋಳನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ.

ಬಿಗಿ ಮಾಡುವಾಗ ಇನ್ನೊಂದು. ತೋಳು ಕ್ಲಿಪ್ಪಿನೊಳಗೆ ತಾನಾಗಿ ಕೂರಬೇಕು. ಪಕ್ಕಕ್ಕೆ ಎಳೆದು, ಬಗ್ಗಿಸಿ ಕೂರಿಸಿದರೆ ಬ್ರೇಕ್ ಓರೆಯಾಗಿ ನಿಲ್ಲುತ್ತದೆ, ಚಕ್ರ ಭಾರವಾಗುತ್ತದೆ, ಶಬ್ದ ಬರುತ್ತದೆ. ಹಾಗೆ ಎಳೆಯಬೇಕಾಗಿ ಬಂದರೆ ಕ್ಲಿಪ್ಪಿನ ಅಳತೆ ನಿಮ್ಮ ಪೈಪಿಗೆ ಹೊಂದುತ್ತಿಲ್ಲ ಎಂದೇ ಅರ್ಥ. ಬೇರೆ ಬೇರೆ ದಪ್ಪದ ಪೈಪಿಗೆ ಬೇರೆ ಕ್ಲಿಪ್ ಸಿಗುತ್ತದೆ. ನಟ್ಟನ್ನು ಸ್ಪ್ಯಾನರಿನಲ್ಲಿ ಹಿಡಿದು ಬೋಲ್ಟ್ ತಿರುಗಿಸಿ, 2ರಿಂದ 3 ನ್ಯೂಟನ್ ಮೀಟರ್ ಅಷ್ಟೇ.

ಕೇಬಲ್ಲಿನ ಬೋಲ್ಟಿಗೆ 6ರಿಂದ 8. ಕಟ್ಟಿದ ಮೇಲೆ ಲಿವರನ್ನು ಹಿಡಿಗೆ ತಾಗುವವರೆಗೆ ಹತ್ತು ಸಲ ಗಟ್ಟಿಯಾಗಿ ಒತ್ತಿ, ಹೊಸ ಕೇಬಲ್ ಹಿಗ್ಗುವುದೆಲ್ಲ ಆಗಲೇ ಹಿಗ್ಗಲಿ. ಆಮೇಲೆ ಅಡ್ಜಸ್ಟರ್ ತಿರುಗಿಸಿ, ಲಿವರಿನ ತುದಿಯಲ್ಲಿ ಸುಮಾರು 15 ಮಿಲಿಮೀಟರ್ ಆಟ, ಅಂದರೆ ಬ್ರೇಕ್ ಹಿಡಿಯುವ ಮುಂಚಿನ ಸಡಿಲು, ಇರುವ ಹಾಗೆ ಮಾಡಿ. ಆಟವೇ ಇಲ್ಲದಂತೆ ಬಿಗಿ ಮಾಡಿದರೆ ಶೂಗಳು ಸದಾ ಉಜ್ಜುತ್ತಾ ಇರುತ್ತವೆ, ಬಿಸಿಯಾಗುತ್ತದೆ, ಗ್ರೀಸ್ ಬೇಗ ಮುಗಿಯುತ್ತದೆ. ಕೆಲವು ಶಿಮಾನೋ ಲಿವರಿನಲ್ಲಿ ಕೇಬಲ್ ತುದಿ ಕೂರಿಸಲು ಎರಡು ಸ್ಥಾನ ಇರುತ್ತವೆ. ವಿ ಎಂದು ಒಂದು, ಸಿ-ಆರ್ ಎಂದು ಇನ್ನೊಂದು. ರೋಲರಿಗೆ ಸಿ-ಆರ್. ತಪ್ಪಾಗಿ ವಿಯಲ್ಲಿದ್ದರೆ ಎಷ್ಟು ಒತ್ತಿದರೂ ಹಿಡಿತ ಸಾಲುವುದಿಲ್ಲ. ಹಳೇ ಸೈಕಲಲ್ವಾ, ಇದನ್ನೂ ಒಮ್ಮೆ ನೋಡಿಬಿಡಿ.

ಮುಂದಿನ ಚಕ್ರಕ್ಕೆ ರೋಲರ್ ಹಾಕುವ ಯೋಚನೆ ಏಕೆ ಬಂತು ಎಂದು ಅರ್ಥವಾಗುತ್ತದೆ. ಮಳೆಯಲ್ಲಿ ರಿಮ್ ಬ್ರೇಕ್ ಮೊದಲ ಸುತ್ತಿನಲ್ಲಿ ಜಾರುತ್ತದೆ. ಊರಿನ ಹಳೇ ಸೈಕಲ್ಲುಗಳ ರಾಡ್ ಬ್ರೇಕ್ ಜಡಿಮಳೆಯಲ್ಲಿ ಎಷ್ಟು ಹಿಡಿಯುತ್ತಿತ್ತು ಅಂತ ನೆನಪಿರಬೇಕು. ರೋಲರ್ ಮುಚ್ಚಿದ ಬ್ರೇಕ್, ಮಳೆ ಇರಲಿ ಬಿಸಿಲಿರಲಿ ಒಂದೇ ಥರ. ಆದರೂ ನಿಮ್ಮ ಈಗಿನ ಫೋರ್ಕಿಗೆ (ಮುಂದಿನ ಚಕ್ರವನ್ನು ಹಿಡಿದಿರುವ ಕವಲು) ಹಾಕಬೇಡಿ. ಮುಂದಿನ ಬ್ರೇಕಿನ ತೋಳು ಸಿಕ್ಕಿಸಲು ಫೋರ್ಕಿನ ಎಡಗಾಲಿನಲ್ಲೇ ಬೆಸೆದ ಒಂದು ಕೊಂಡಿ ಬೇಕು. ಅದಿಲ್ಲದ ಫೋರ್ಕಿಗೆ ಕ್ಲಿಪ್ ಕಟ್ಟಿ ಓಡಿಸುವುದು ಅಪಾಯ. ಹಾಕಲೇಬೇಕೆಂದರೆ ಫೋರ್ಕು, ಹಬ್ಬು, ಬ್ರೇಕು ಮೂರನ್ನೂ ಬದಲಿಸಬೇಕಾಗುತ್ತದೆ. ಲೈಟಿನ ಡೈನಮೋ ಈಗಿನ ಹಬ್ಬಿನಲ್ಲೇ ಇದ್ದರೆ ರೋಲರಿಗೆ ಹೊಂದುವ ಡೈನಮೋ ಹಬ್ಬೇ ಬೇಕು. ಅಷ್ಟು ಖರ್ಚು ಬೇಡ ಅಂತ ನನ್ನ ಅಭಿಪ್ರಾಯ. ಒಳ್ಳೆಯ ಹೊಸ ಬ್ರೇಕ್ ರಬ್ಬರ್ ಹಾಕಿ, ರಿಮ್ ತೊಳೆದು ಒರೆಸಿ, ಸಾಕು. ಯಾವತ್ತಾದರೂ ಮುಂದೆಯೂ ರೋಲರ್ ಇರುವ ಸೈಕಲ್ ಕೊಂಡರೆ, ಮುಂದಿನದು ಸ್ವಲ್ಪ ಸ್ಪಂಜಿನಂತೆ ಅನಿಸುತ್ತದೆ. ಚಕ್ರ ಒಮ್ಮೆಲೇ ಲಾಕ್ ಆಗಿ ನೀವು ಮುಗ್ಗರಿಸದಿರಲಿ ಎಂದು ಬಲವನ್ನು ಹಿಡಿದಿಡುವ ವ್ಯವಸ್ಥೆ ಅಲ್ಲಿರುತ್ತದೆ. ಅದು ಕೆಟ್ಟಿದೆ ಎಂದು ಬಿಚ್ಚಲು ಹೋಗಬೇಡಿ.

ಹಿಂದಿನ ಚಕ್ರ ಪಂಕ್ಚರ್ ಆದರೆ ಇಷ್ಟೆಲ್ಲ ಬಿಚ್ಚಬೇಕಲ್ಲಾ ಎಂದು ಕೇಳಿದ್ದೀರಿ. ಬಿಚ್ಚಲೇಬೇಡಿ. ನಮ್ಮೂರ ಪಂಕ್ಚರ್ ಅಂಗಡಿಯವರು ಮಾಡುವ ಹಾಗೆ, ಚಕ್ರ ಸೈಕಲಿನಲ್ಲೇ ಇರಲಿ, ಟೈರಿನ ಒಂದು ಅಂಚು ಎಬ್ಬಿಸಿ ಟ್ಯೂಬ್ ಹೊರಗೆಳೆಯಿರಿ. ಗಾಳಿ ತುಂಬಿ ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡಿ, ಉಜ್ಜಿ, ಪ್ಯಾಚ್ ಹಾಕಿ ಒಳಗೆ ತಳ್ಳಿ. ಇಲ್ಲಿಯವರೂ ಮಾಡುವುದು ಹಾಗೆಯೇ. ಟೈರನ್ನೇ ಬದಲಿಸುವಾಗ ಮಾತ್ರ ಚಕ್ರ ತೆಗೆಯಬೇಕು. ಆಗ ತೋಳಿನ ಕ್ಲಿಪ್ ಬಿಚ್ಚಿ, ಬ್ರೇಕ್ ಕೇಬಲನ್ನು ಅದರ ಬೋಲ್ಟಿನ ಸಮೇತ ಕೊಂಡಿಯಿಂದ ಜಾರಿಸಿ ತೆಗೆಯಿರಿ. ಬೋಲ್ಟ್ ಸಡಿಲಿಸದಿದ್ದರೆ ಮತ್ತೆ ಅಡ್ಜಸ್ಟ್ ಮಾಡುವ ತಲೆನೋವಿಲ್ಲ. ಚಕ್ರ ತೆಗೆಯಲು ಗೇರ್ ಕೇಬಲನ್ನೂ ಬಿಡಿಸಿರುತ್ತೀರಿ, ಅದನ್ನು ಮತ್ತೆ ಹಾಕಿದ ಮೇಲೆ ಗೇರ್ 4ರಲ್ಲಿಟ್ಟು, ಹಬ್ಬಿನ ಹತ್ತಿರದ ಎರಡು ಗುರುತುಗೆರೆಗಳು ಒಂದೇ ಸಾಲಿಗೆ ಬರುತ್ತವಾ ನೋಡಿ.

ನಾನು ವರ್ಷಕ್ಕೆ ಒಮ್ಮೆ, ಅಕ್ಟೋಬರಿನಲ್ಲಿ ಚಳಿ ಮಳೆ ಶುರುವಾಗುವ ಮುಂಚೆ ಗ್ರೀಸ್ ಹಾಕುತ್ತೇನೆ. ನಡುವೆ ಶಬ್ದ ಬಂದರೆ ಆವತ್ತೇ.

ನಾಳೆ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಆ ತೋಳಿನ ಕ್ಲಿಪ್ಪಿನ ಹತ್ತಿರದ ಒಂದು ಫೋಟೋ ಇಲ್ಲಿ ಹಾಕಿ, ಇನ್ನೊಂದು ಹಬ್ಬಿನ ನಂಬರಿನದು. ಗ್ರೀಸ್ ಕೊಳ್ಳಬೇಡಿ, ನನ್ನ ಟ್ಯೂಬಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದೆ. ಶನಿವಾರ ಮಧ್ಯಾಹ್ನ ಸೈಕಲ್ ತಂದರೆ ಇಬ್ಬರೂ ಸೇರಿ ಹಾಕೋಣ, ಒಬ್ಬರು ಚಕ್ರ ಎತ್ತಿ ಹಿಡಿಯಲು ಹೇಗೂ ಬೇಕಲ್ಲ.